ಎರಿಯಿಂದ ಮಸಾರಿಗೆ

ನಮ್ಮ ದೇವಣಗಾಂವಕ್ಕೆ ಎತ್ತರ ಎಂದರೆ ಭೀಮಾ ಹೊಳೆಯ ಸೇತುವೆಯೇ. ಅದರ ಮೇಲೆ ನಿಂತರೆ ಆಚೆ ಅಫಜಲಪುರದ ಕಡೆಗೂ ಈಚೆ ಆಲಮೇಲದ ಕಡೆಗೂ ಕಣ್ಣಿಗೆ ಅಡ್ಡ ಬರುವಂಥದ್ದು ಇಲ್ಲ. ಕಬ್ಬು, ತೊಗರಿ, ಜೋಳ, ಮೇಲೆ ಆಕಾಶ. ಒಂಬತ್ತು ವರ್ಷದ ಮಗಳು "ಗುಡ್ಡ ಅಂದ್ರ ಹೆಂಗಿರ್ತದಪ್ಪಾ?" ಎಂದಾಗ ತೋರಿಸಲು ನನಗೇನೂ ಸಿಗಲಿಲ್ಲ. ಎಳ್ಳ ಅಮಾಸಿ ಮುಗಿದ ಮರುವಾರ ಬಾಡಿಗೆ ಕ್ರೂಸರ್ ಮಾಡಿಕೊಂಡು, ಹಬ್ಬಕ್ಕೆ ಬಡಿದಿಟ್ಟಿದ್ದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬಾದಾಮಿಗೆ ಹೊರಟೆವು.

ಸಿಂದಗಿ, ದೇವರ ಹಿಪ್ಪರಗಿ ಹಿಂದೆ ಬಿದ್ದವು. ಬಸವನ ಬಾಗೇವಾಡಿಯಲ್ಲಿ ಅವ್ವ ಗುಡಿಗೆ ಹೋಗದೆ ಮುಂದೆ ಬಿಡಲಿಲ್ಲ. ಅಪ್ಪ ಮಾತ್ರ ಡ್ರೈವರ್ ಪಕ್ಕ ಕುಳಿತು ರಸ್ತೆ ಬಿಟ್ಟು ಹೊಲ ನೋಡುತ್ತಿದ್ದ. ಅಲ್ಲಿಯವರೆಗೂ ನಮ್ಮದೇ ಎರಿ ಭೂಮಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಆರಿ ಕರಿಕಲ್ಲಾಯಿತು. ಆ ಕಲ್ಲು ಸವೆದು ಈ ಮಣ್ಣಾಯಿತು. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತದೆ, ಮಳೆ ಕುಡಿದರೆ ತಿಂಗಳುಗಟ್ಟಲೆ ಹಸಿ ಹಿಡಿದಿಡುತ್ತದೆ. ಹಿಂಗಾರಿ ಬಿಳಿಜೋಳ ಬೆಳೆಯುವುದು ಆ ಹಸಿಯ ಮೇಲೆಯೇ.

ಆಲಮಟ್ಟಿಯಲ್ಲಿ ಮಕ್ಕಳಿಗೆ ಜಲಾಶಯ ತೋರಿಸಿದೆವು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು; ಮರುತಿಂಗಳೇ ಅವರು ಪ್ರಧಾನಿಯಾದರು. ಈಗ ಜಲಾಶಯಕ್ಕೆ ಅವರದೇ ಹೆಸರು.

ಬಾಗಲಕೋಟೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಪ್ಪ "ಗಾಡಿ ನಿಂದರಸಪಾ" ಎಂದ. ಇಳಿದು ರಸ್ತೆ ಬದಿಯ ಹೊಲದಿಂದ ಒಂದು ಹಿಡಿ ಕೆಂಪು ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿದ. "ಮಸಾರಿ. ನೀರು ಹಿಡಿಯೂದಿಲ್ಲ. ಶೇಂಗಾಕ್ಕ ಚೊಲೊ." ನಾನು ಫೋನಿನಲ್ಲಿ ಗುಡ್ಡದ ಚಿತ್ರ ತೆಗೆಯುತ್ತಿದ್ದೆ, ಅವನು ಗುಡ್ಡದ ಪುಡಿಯನ್ನೇ ಕೈಯಲ್ಲಿ ಹಿಡಿದಿದ್ದ.

ಬಾದಾಮಿಯ ಗುಡ್ಡ ಕಂಡು ಅವ್ವ "ಇಟ್ಟಂಗಿ ಬಟ್ಟಿ ಇದ್ದಂಗ ಐತಿ" ಎಂದಳು. ಕಬ್ಬಿಣದ ಅಂಶವಿರುವ ಮರಳುಗಲ್ಲು, ಅದಕ್ಕೇ ಆ ಕೆಂಪು. 543ರಲ್ಲಿ ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ. ಮುಂದೆ 578ರಲ್ಲಿ ಮಂಗಲೇಶ ಮೂರನೆಯ ಗುಹೆಯ ವಿಷ್ಣು ಗುಡಿ ಮುಗಿಸಿದ. ಶಾಸನ ಅಲ್ಲೇ ಇದೆ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆಯೇ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನನ್ನ ಮತ ಮೂರನೆಯದಕ್ಕೆ. ಅಲ್ಲಿನ ಕಂಬ, ಮೂರ್ತಿ, ಛತ್ತಿನ ಮೇಲೆಲ್ಲ ಬಣ್ಣಬಣ್ಣದ ಪಟ್ಟಿಗಳು ಹರಿದಿವೆ. ಮಗ ಬೆರಳಾಡಿಸಿ, "ಈ ಗೆರಿ ಯಾರ ಹೊಡದಾರ?" ಎಂದ.

ಉತ್ತರ ಕೊಟ್ಟವನು ಅಪ್ಪ. "ಮಹಾಪೂರ ಇಳದ ಮ್ಯಾಲ ನಮ್ಮ ಹೊಳಿ ದಂಡಿ ನೋಡಿಯಲ್ಲ, ಉಸುಕು ಪದರ ಪದರ ಕುಂತಿರ್ತದ. ಹಂಗ." ಎಣಿಕೆಗೆ ಸಿಗದ ಕಾಲದಲ್ಲಿ ಹೊಳೆಗಳು ತಂದು ಒಟ್ಟಿದ ಉಸುಕು ಭಾರಕ್ಕೆ ಒತ್ತಿ ಕಲ್ಲಾಗಿದೆ, ಪದರುಗಳು ಹಾಗೇ ಉಳಿದಿವೆ. ನಮ್ಮ ಕರಿಕಲ್ಲಿಗಿಂತ ಇದು ಬಹಳ ಹಳೆಯದು. ಮೆತ್ತಗಿನ ಕಲ್ಲಾದ್ದರಿಂದಲೇ ಚಾಲುಕ್ಯರ ಉಳಿಗೆ ಇಷ್ಟು ಮಣಿದದ್ದು. ವಿಜಯಪುರದ ಗೋಳಗುಮ್ಮಟಕ್ಕೆ ಆದಿಲ್‌ಶಾಹಿಗಳಿಗೆ ಸಿಕ್ಕದ್ದು ನಮ್ಮ ಕರಿಕಲ್ಲು.

ಕೆಳಗಿಳಿಯುವಾಗ ಮಂಗವೊಂದು ಹೆಂಡತಿಯ ಕೈಯಿಂದ ಬುತ್ತಿಗಂಟು ಕಿತ್ತುಕೊಂಡು ಗುಡ್ಡ ಏರಿತು. ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಅಜ್ಜಿಯಿಂದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು ಕೊಂಡು ತಿಂದೆವು. ಸಜ್ಜಿ ರೊಟ್ಟಿ ಹೋದದ್ದಕ್ಕೆ ಅವ್ವ ಇನ್ನೂ ಮರುಗುತ್ತಾಳೆ.

ನಮ್ಮ ಕಡೆಯಿಂದ ಹೋಗುವವರು ನಸುಕಿನಲ್ಲೇ ಗಾಡಿ ಬಿಡಿ. ಬಾಗಲಕೋಟೆ ದಾಟಿದ ಮೇಲೆ ಮಕ್ಕಳನ್ನು ಎಬ್ಬಿಸಿ ಕಿಟಕಿ ಪಕ್ಕ ಕೂರಿಸಿ. ಬುತ್ತಿ ಮಾತ್ರ ಗಾಡಿಯಲ್ಲೇ ಇರಲಿ, ಗಾಜು ಏರಿಸಿ ಹೋಗಿ.