ಅಡುಗೆಮನೆಯ ಅಳತೆ ಅಡುಗೆ ಮಾಡುವವರ ಕೈಲಿರಲಿ

ಎಂಬತ್ತು-ತೊಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರು, ದಾವಣಗೆರೆಗಳ 30×40 ನಿವೇಶನಗಳಲ್ಲಿ ಎದ್ದ ಮನೆಗಳ ಅಡುಗೆಮನೆಗಳನ್ನು ಈಗ ಒಂದೊಂದಾಗಿ ಹೊಸದು ಮಾಡಿಸಲಾಗುತ್ತಿದೆ. ಕಡಪ ಕಲ್ಲಿನ ಕಟ್ಟೆ ಒಡೆದು ಮಾಡ್ಯುಲರ್ ಕಿಚನ್ ಕೂರಿಸುವ ಆಸೆ. ಕಂಪನಿಯವರು ಬರುತ್ತಾರೆ, ಲೇಸರ್ ಮೀಟರ್ ಹಿಡಿದು ಕಾಲು ಗಂಟೆಯಲ್ಲಿ ಅಳೆದು ಹೋಗುತ್ತಾರೆ, ಸಂಜೆಗೆ ಮೊಬೈಲಿನಲ್ಲಿ ಬಣ್ಣದ ಚಿತ್ರ ಬರುತ್ತದೆ. ಅಲ್ಲಿ ನಿಂತು ಮೂರು ಹೊತ್ತು ಬೇಯಿಸುವವರ ಎತ್ತರವೆಷ್ಟು ಎಂದು ಯಾರೂ ಕೇಳಿರುವುದಿಲ್ಲ. ಅದಕ್ಕೇ ನನ್ನ ಒತ್ತಾಯ: ಹೊರಗಿನವರನ್ನು ಕರೆಸುವ ಮೊದಲು ಮನೆಯವರೇ, ಅದರಲ್ಲೂ ಅಡುಗೆ ಮಾಡುವವರೇ, ಟೇಪು ಹಿಡಿದು ಅಳೆದು ನಕ್ಷೆ ಬರೆದಿಟ್ಟುಕೊಳ್ಳಬೇಕು.

ಬೇಕಾಗುವುದು ಐದು ಮೀಟರಿನ ಉಕ್ಕಿನ ಟೇಪು, ಪೆನ್ಸಿಲ್, ಮಕ್ಕಳ ಗ್ರಾಫ್ ಹಾಳೆ. ಹಾಳೆಯ ಒಂದು ಮಿಲಿಮೀಟರಿಗೆ ಗೋಡೆಯ ಎರಡು ಸೆಂಟಿಮೀಟರ್ ಎಂದುಕೊಂಡರೆ ಹತ್ತಡಿ ಗೋಡೆ ಹದಿನೈದು ಸೆಂಟಿಮೀಟರಿನ ಗೆರೆಯಾಗುತ್ತದೆ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆಂದು ಗಾಬರಿ ಬೇಡ. ಅದರ ದಪ್ಪದಷ್ಟೇ ಸಡಿಲವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಸಿಕ್ಕಿಸಿ ಎಳೆದರೂ ಗೋಡೆಗೆ ಒತ್ತಿ ಹಿಡಿದರೂ ಅಳತೆ ಒಂದೇ ಬರಲಿ ಎಂದು. ಗಾರೆಯವರು ಅಡಿ-ಇಂಚಿನಲ್ಲಿ ಮಾತಾಡುತ್ತಾರೆ, ಬಡಗಿ ನೂಲಿನ ಲೆಕ್ಕ ಹೇಳುತ್ತಾನೆ, ಕಾರ್ಖಾನೆ ಮಿಲಿಮೀಟರ್ ಕೇಳುತ್ತದೆ. ನಕ್ಷೆಯ ಮೇಲೆ ಮಿಲಿಮೀಟರ್ ಒಂದೇ ಇರಲಿ, ಎಡವಟ್ಟು ಕಡಿಮೆ.

ಗೋಡೆಗಳಿಗೆ ಮಾತ್ರ ಸಮಯ ಕೊಡಲೇಬೇಕು. ಹಳೆಯ ಕಟ್ಟೆ ಕಟ್ಟುವಾಗ ಗೋಡೆ ಸೊಟ್ಟಗಿದ್ದರೂ ಗೊತ್ತಾಗುತ್ತಿರಲಿಲ್ಲ; ಕಲ್ಲನ್ನು ಅಲ್ಲೇ ಕೊಯ್ದು, ಉಳಿದ ಸಂದಿಗೆ ಸಿಮೆಂಟು ಮೆತ್ತಿ ಮುಗಿಸುತ್ತಿದ್ದರು. ಕಾರ್ಖಾನೆಯಿಂದ ಬರುವ ಪೆಟ್ಟಿಗೆಗೆ ಅಂಥ ಹೊಂದಾಣಿಕೆ ಬಾರದು. ಆದ್ದರಿಂದ ಪ್ರತಿ ಗೋಡೆಯನ್ನೂ ನೆಲದ ಬಳಿ, ಕಟ್ಟೆಯ ಮಟ್ಟದಲ್ಲಿ, ತಲೆಯ ಮೇಲೆ ಹೀಗೆ ಮೂರು ಕಡೆ ಅಳೆಯಬೇಕು. ಬಂದದ್ದರಲ್ಲಿ ಕಡಿಮೆಯದೇ ಲೆಕ್ಕಕ್ಕೆ. ಇನ್ನು ಮೂಲೆ. ಒಂದು ಗೋಡೆಯಲ್ಲಿ ಮೂರು ಅಡಿಗೆ, ಪಕ್ಕದ್ದರಲ್ಲಿ ನಾಲ್ಕು ಅಡಿಗೆ ಗುರುತು ಹಾಕಿ ಎರಡರ ನಡುವೆ ಟೇಪು ಎಳೆಯಿರಿ. ಸರಿಯಾಗಿ ಐದು ಅಡಿ ಬಂದರೆ ಮೂಲೆ ಮಟ್ಟಸವಾಗಿದೆ. ಅರ್ಧ ಇಂಚು ಹೆಚ್ಚು ಬಂತೆಂದರೆ ಮೂಲೆ ಒಂದು ಡಿಗ್ರಿ ತೆರೆದುಕೊಂಡಿದೆ. ಅದೇನು ಮಹಾ ಅನ್ನಿಸಬಹುದು, ಆದರೆ ಎಂಟಡಿ ಉದ್ದದ ಕಟ್ಟೆಯ ತುದಿಗೆ ಹೋಗುವಷ್ಟರಲ್ಲಿ ಗೋಡೆಗೂ ಕಟ್ಟೆಗೂ ನಡುವೆ ಒಂದೂವರೆ ಇಂಚಿಗಿಂತ ಅಗಲದ ಸಂದಿ ಬಿದ್ದಿರುತ್ತದೆ. ಜಿರಲೆ ಸೇರಿಕೊಳ್ಳಲು ಅಷ್ಟು ಸಾಕು.

ನೆಲದ್ದೂ ಇದೇ ಕಥೆ. ನೀರು ಹೊಯ್ದು ತೊಳೆಯುತ್ತಿದ್ದ ಕಾಲದ ಅಡುಗೆಮನೆಗಳ ನೆಲ ಕಿಂಡಿಯ ಕಡೆಗೆ ಇಳಿಜಾರಾಗಿರುತ್ತದೆ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಎರಡು ಮೂಲೆಗಳಲ್ಲಿ ಹಿಡಿದು ನೋಡಿದರೆ ಎಷ್ಟು ವಾಲಿದೆಯೆಂದು ತಿಳಿಯುತ್ತದೆ. ಹಳೆ ನೆಲದ ಮೇಲೆಯೇ ಟೈಲ್ಸ್ ಹಾಕಿಸುವುದಾದರೆ ನೆಲ ಎಷ್ಟು ಏರುತ್ತದೋ ಅಷ್ಟನ್ನೂ ಈಗಲೇ ಬರೆದುಕೊಳ್ಳಿ.

ಇದೆಲ್ಲಕ್ಕಿಂತ ಮುಖ್ಯವಾದ ಅಳತೆ ಅಡುಗೆ ಮಾಡುವವರ ಮೈಯದು. ನೆಟ್ಟಗೆ ನಿಂತು ಮೊಣಕೈ ಮಡಿಸಿ, ನೆಲದಿಂದ ಅಲ್ಲಿಯವರೆಗಿನ ಎತ್ತರ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕರಿಂದ ಆರು ಇಂಚು ಕಳೆದರೆ ಕಟ್ಟೆಯ ಎತ್ತರ ಸಿಗುತ್ತದೆ. ಐದಡಿ ಎತ್ತರದ ಹೆಣ್ಣುಮಗಳಿಗೆ 32 ಇಂಚಿನ ಆಸುಪಾಸು ಸಾಕು. ಅವರ ಮುಂದೆ 36 ಇಂಚಿನ ಕಟ್ಟೆ ಕಟ್ಟಿ, ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಐದು ಲೀಟರಿನ ಕುಕ್ಕರ್ ಇಟ್ಟರೆ ಹುಳಿ ಕುದಿಯುತ್ತಿದೆಯೇ ಎಂದು ನೋಡಲೂ ತುದಿಗಾಲಲ್ಲಿ ನಿಲ್ಲಬೇಕು. ಮುದ್ದೆ ತಿರುವುವ ಮನೆಯಲ್ಲಂತೂ ಇದು ದಿನನಿತ್ಯದ ಹೆಗಲುನೋವು. ಹಿಟ್ಟು ಗಂಟಿಲ್ಲದೆ ಕೂಡಿಬರಬೇಕಾದರೆ ಮುದ್ದೆಕೋಲಿನ ಮೇಲೆ ಮೈಭಾರ ಬಿಡಬೇಕು. ಪಾತ್ರೆ ಎದೆಮಟ್ಟದಲ್ಲಿದ್ದರೆ ಭಾರ ಬಿಡುವುದು ಹೇಗೆ? ಜೋಳದ ರೊಟ್ಟಿ ಬಡಿಯುವವರಿಗೂ ಇದೇ ಮಾತು ಸಲ್ಲುತ್ತದೆ. ಒಲೆಯ ಭಾಗವನ್ನು ನಾಲ್ಕು ಇಂಚು ತಗ್ಗಿಸಿ ಕಟ್ಟಿಸಬಹುದು. ಕೇಳಿದರೆ ಮಾಡಿಕೊಡುತ್ತಾರೆ, ಆದರೆ ಕೇಳಬೇಕಾದರೆ ಅದು ನಮ್ಮ ನಕ್ಷೆಯಲ್ಲಿರಬೇಕು.

ನಿಂತ ಜಾಗದ ಜೊತೆಗೆ ನಡೆಯುವ ದಾರಿಯನ್ನೂ ಅಳೆದವರಿದ್ದಾರೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ಹೆಜ್ಜೆ ಉಳಿಸುವುದೇ ಅವರ ಗುರಿ. ನಮ್ಮ ಆರಡಿ-ಹನ್ನೊಂದಡಿಯ ಅಡುಗೆಮನೆಗೂ ಅದಕ್ಕೂ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅದು ಒಬ್ಬರೇ ಕೆಲಸ ಮಾಡುವ ಜಾಗ. ಹಬ್ಬದ ದಿನ ಅತ್ತೆ, ಸೊಸೆ, ಜೊತೆಗೊಬ್ಬ ನಾದಿನಿ ಓಡಾಡುವ ನಮ್ಮಲ್ಲಿ ಎರಡು ಕಟ್ಟೆಗಳ ನಡುವೆ ನಾಲ್ಕಡಿಯಾದರೂ ಬೇಕು. ಫ್ರಿಜ್ಜು, ಒಲೆ, ವೆಟ್ ಗ್ರೈಂಡರನ್ನು ಅದೇ ಪ್ರಮಾಣದಲ್ಲಿ ಕಾಗದದಲ್ಲಿ ಕತ್ತರಿಸಿ ನಕ್ಷೆಯ ಮೇಲೆ ಸರಿಸುತ್ತಾ ನೋಡಿ. ಫ್ರಿಜ್ಜನ್ನು ಗೋಡೆಗೆ ಒತ್ತಿಟ್ಟರೆ ಬಾಗಿಲು ಪೂರ್ತಿ ತೆರೆಯದೆ ತರಕಾರಿ ಟ್ರೇ ಹೊರಬರುವುದಿಲ್ಲ ಎಂಬುದು ಅಲ್ಲೇ ಕಾಣುತ್ತದೆ.

ಕಿಟಕಿ, ನಲ್ಲಿ, ಪ್ಲಗ್ಗು, ಬೀಮು ಎಲ್ಲವೂ ನಕ್ಷೆಗೆ ಬರಲಿ. 14.2 ಕೆಜಿ ಸಿಲಿಂಡರನ್ನು ರೆಗ್ಯುಲೇಟರ್ ಸಮೇತ ಅಳೆಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಅದನ್ನಿಡುವ ಕಪಾಟಿನ ಬುಡದಲ್ಲಿ ಗಾಳಿಕಿಂಡಿ ಇರುವಂತೆ ಈಗಲೇ ಗುರುತು ಹಾಕಿ.

ಈ ನಕ್ಷೆ ಮಾತುಕತೆಗೆ, ದರ ಕೇಳುವುದಕ್ಕೆ. ಹಳೆ ಟೈಲ್ಸ್ ಕಿತ್ತು ಹೊಸ ಗಾರೆ ಬಳಿದ ಮೇಲೆ ಗೋಡೆಗಳ ನಡುವಿನ ಅಂತರ ಬದಲಾಗಿರುತ್ತದೆ. ಆಗ ಕಂಪನಿಯವರನ್ನು ಎದುರಿಗೇ ನಿಲ್ಲಿಸಿಕೊಂಡು ಇನ್ನೊಮ್ಮೆ ಅಳೆಸಿ, ನಿಮ್ಮ ಹಾಳೆಯ ಜೊತೆ ತಾಳೆ ನೋಡಿ, ಇಬ್ಬರೂ ಸಹಿ ಹಾಕಿದ ಮೇಲೆಯೇ ಕಾರ್ಖಾನೆಗೆ ಆರ್ಡರ್ ಹೋಗಲಿ.