ಹಡಗು ನೋಡಬೇಕೋ, ಸಮುದ್ರ ನೋಡಬೇಕೋ?

ಹುಮನಾಬಾದ್ ಕಡೆಯ ನಮ್ಮಂಥವರಿಗೆ ಸಮುದ್ರವೆಂದರೆ ಸಿನಿಮಾ ಹಾಡಿನಲ್ಲಿ ಬರುವ ನೀರು. ಕಣ್ಣಾರೆ ಕಂಡ ದೊಡ್ಡ ನೀರೆಂದರೆ ಕಾರಂಜಾ ಜಲಾಶಯ. ಹೀಗಾಗಿ ಪದವಿ ಮುಗಿಸಿದ ನಾವು ಐವರು ಗೆಳತಿಯರು ‘ಒಮ್ಮೆ ಹಡಗು ಹತ್ತೋಣ’ ಎಂದುಕೊಂಡೆವು. ಇಬ್ಬರಿಗೆ ಮದುವೆ ಗೊತ್ತಾಗಿದೆ. ಮತ್ತೆ ಐವರೂ ಒಟ್ಟಿಗೆ ಹೊರಡುವ ದಿನ ಬರುತ್ತದೋ ಇಲ್ಲವೋ!

ಆದರೆ ಯಾವ ಹಡಗು? ಅಲ್ಲೇ ಎರಡು ಬಣವಾಯಿತು. ಒಂದು ಬಣಕ್ಕೆ ಮುಂಬೈ–ಗೋವಾ ಕ್ರೂಸ್ ಬೇಕು. ಸೊಲ್ಲಾಪುರ, ಪುಣೆ ದಾಟಿದರೆ ಮುಂಬೈ. ನಮ್ಮೂರಿನವರಿಗೆ ಅದು ಮಂಗಳೂರಿಗಿಂತ ಪರಿಚಿತ. ಹಡಗಿನಲ್ಲೇ ಕೋಣೆ, ಊಟ, ಈಜುಕೊಳ, ಹಾಡು–ಕುಣಿತ. ಲಾಡ್ಜ್ ಹುಡುಕುವ ತಾಪತ್ರಯವಿಲ್ಲ. ನಡುಸಮುದ್ರದ ಸೂರ್ಯೋದಯ ಬೇರೆಲ್ಲೂ ಸಿಗದು, ನಿಜ. ಆದರೆ ಟ್ಯೂಷನ್ ಹೇಳಿ ಕೂಡಿಟ್ಟ ನಮ್ಮ ದುಡ್ಡಿಗೆ ಕಿಟಕಿಯಿಲ್ಲದ ಕೋಣೆ ಸಿಕ್ಕರೆ ಹೆಚ್ಚು!

ಇನ್ನೊಂದು ಬಣದ್ದು ಕರಾವಳಿಯ ಫೆರಿಗಳ ದಾರಿ. ಗೋಕರ್ಣದ ಪಕ್ಕದ ತದಡಿಯಿಂದ ಅಘನಾಶಿನಿ ನದಿ ದಾಟಿಸುವ ದೋಣಿ, ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ–ಹಂಗಾರಕಟ್ಟೆ ನಡುವಿನ ಬಾರ್ಜ್, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟ್. ತದಡಿಯ ದೋಣಿಯಲ್ಲಿ ಬೈಕೂ ದಾಟುತ್ತದೆ, ಮೀನಿನ ಬುಟ್ಟಿಯೂ ದಾಟುತ್ತದೆ. ಅದು ತಪ್ಪಿದರೆ ಮಿರ್ಜಾನ್ ಕಡೆಯಿಂದ ಸುತ್ತಿ ಬರಬೇಕು. ಅಲ್ಲಿನವರಿಗೆ ಅದು ಪ್ರವಾಸವಲ್ಲ, ನಮಗೆ ಕೆಂಪು ಬಸ್ ಇದ್ದ ಹಾಗೆ.

ನಮ್ಮ ಜಗಳ ಕೇಳಿ ಅವ್ವ ಒಂದೇ ಮಾತು ಕೇಳಿದಳು: “ನೀವು ಹಡಗ ನೋಡ್ಲಾಕ್ ಹೊಂಟೀರೊ, ಸಮುದ್ರ ನೋಡ್ಲಾಕ್ ಹೊಂಟೀರೊ?”

ವ್ಯತ್ಯಾಸ ಇರುವುದು ಅಲ್ಲೇ. ಕ್ರೂಸ್‌ನಲ್ಲಿ ಹಡಗೇ ಊರು. ಫೆರಿ ನಮ್ಮನ್ನು ಊರಿಗೆ ಮುಟ್ಟಿಸುತ್ತದೆ. ಎರಡೂ ಒಂದೇ ಹಡಗಿನಲ್ಲಿ ಸಿಗುವ ದೇಶವೂ ಇದೆ. ನಾರ್ವೆಯಲ್ಲಿ ಅಂಚೆ, ಸರಕು, ಜನರನ್ನು ಸಾಗಿಸಲು 1893ರಲ್ಲಿ ಶುರುವಾದ ‘ಹುರ್ಟಿಗ್ರುಟನ್’ ಸೇವೆ ಇಂದಿಗೂ ಬರ್ಗನ್–ಕಿರ್ಕನೆಸ್ ನಡುವೆ 34 ಬಂದರು ಮುಟ್ಟುತ್ತದೆ. ನಮ್ಮಲ್ಲೂ ಮುಂಬೈ–ಗೋವಾ ನಡುವೆ ಕೊಂಕಣದ ಜನರನ್ನು ಡೆಕ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಸ್ಟೀಮರ್‌ಗಳಿದ್ದವು. ಈಗ ಅವು ಹಿರಿಯರ ನೆನಪಿನಲ್ಲಷ್ಟೇ ಇವೆ.

ಸೇತುವೆ ಬಂದಲ್ಲಿ ದೋಣಿಯ ಕಾಲ ಮುಗಿಯುತ್ತದೆ. ಶರಾವತಿ ಹಿನ್ನೀರಿನಲ್ಲಿ ದಶಕಗಳ ಕಾಲ ಲಾಂಚಿಗೆ ಕಾದ ಸಿಗಂದೂರು ಕಡೆಯ ಜನರಿಗೆ 2025ರ ಜುಲೈ 14ರಂದು ಸೇತುವೆ ತೆರೆಯಿತು. ಅವರ ಕಷ್ಟ ತೀರಿದ್ದು ಸಂತೋಷವೇ. ಆದರೆ ಫೆರಿ ನೋಡಬೇಕೆನ್ನುವವರು ತಡಮಾಡಬಾರದು.

ಸುರಕ್ಷತೆಯ ಮಾತೂ ಇದೆ. 2024ರ ಡಿಸೆಂಬರ್ 18ರಂದು ಮುಂಬೈನ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ಫೆರಿಗೆ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಸತ್ತರು. ಮನೆಯವರ ಭಯಕ್ಕೆ ಕಾರಣವಿದೆ. ಮಳೆಗಾಲದಲ್ಲಿ ಹೋಗಬೇಡಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ದೋಣಿ ತುಂಬಿದ್ದರೆ ಮುಂದಿನದಕ್ಕೆ ಕಾಯಿರಿ.

ನಮ್ಮ ತೀರ್ಮಾನವಾಗಿದೆ. ಮಳೆ ನಿಂತ ಮೇಲೆ, ಮದುವೆಗಳಿಗೆ ಮುಂಚೆ, ಐವರೂ ತದಡಿಗೆ. ಕ್ರೂಸ್ ಕಾಯುತ್ತದೆ. ಕೆಲಸ ಸಿಕ್ಕ ಮೇಲೆ ಅಪ್ಪ–ಅವ್ವನನ್ನು ಅದರಲ್ಲಿ ಕರೆದೊಯ್ಯುವ ಆಸೆ ಹಾಗೇ ಇದೆ.