ನಿಮಗಿದು ಗೊತ್ತೆ? ಒಂದು ಸೆಕೆಂಡಿಗೆ ತತ್ತರಿಸಿದ ಸರ್ವರ್‌ಗಳು

2012ರ ಜುಲೈ 1. ಭಾರತದಲ್ಲಿ ಬೆಳಗಿನ ಐದೂವರೆ. ಅದೇ ಹೊತ್ತಿಗೆ ಜಗತ್ತಿನ ನಾನಾ ಕಡೆ ಲಿನಕ್ಸ್ ಸರ್ವರ್‌ಗಳು ಇದ್ದಕ್ಕಿದ್ದಂತೆ ಏದುಸಿರು ಬಿಡತೊಡಗಿದವು. ರೆಡಿಟ್ ಜಾಲತಾಣ ಕೈಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ವಿಮಾನಗಳು ತಡವಾದವು. ಕಂಪ್ಯೂಟರ್ ಬದಿಗಿಟ್ಟು ಸಿಬ್ಬಂದಿ ಕೈಯಿಂದಲೇ ಚೆಕ್-ಇನ್ ನಡೆಸಬೇಕಾಯಿತು.

ಕಾರಣ ಒಂದೇ ಒಂದು ಅಧಿಕ ಸೆಕೆಂಡ್!

ಭೂಮಿಯ ತಿರುಗುವಿಕೆ ಪರಮಾಣು ಗಡಿಯಾರದಷ್ಟು ಕರಾರುವಾಕ್ಕಲ್ಲ. ಆ ವ್ಯತ್ಯಾಸ ಸರಿದೂಗಿಸಲು 1972ರಿಂದ 27 ಸಲ ಹೀಗೆ ಸೆಕೆಂಡ್ ಸೇರಿಸಲಾಗಿದೆ. ಆ ಬೆಳಗ್ಗೆ ಲಿನಕ್ಸ್ ತನ್ನ ಗಡಿಯಾರವನ್ನು ಒಂದು ಸೆಕೆಂಡ್ ಹಿಂದಕ್ಕೆ ಸರಿಸಿಕೊಂಡಿತು. ಆದರೆ ಒಂದು ದೋಷದಿಂದಾಗಿ ಆ ಸುದ್ದಿ ಅದರದೇ ಟೈಮರ್‌ಗಳಿಗೆ ಮುಟ್ಟಲಿಲ್ಲ. ಕ್ಷಣಕಾಲ ಸುಮ್ಮನಿದ್ದು ಕಾಯಬೇಕಿದ್ದ ಪ್ರೋಗ್ರಾಂಗಳು, ಅದರಲ್ಲೂ ಜಾವಾದವು, ಕಾಯದೆ ಮತ್ತೆ ಮತ್ತೆ ಎಚ್ಚೆತ್ತು ಸಿಪಿಯುವನ್ನು ಪೂರ್ತಿ ಕಬಳಿಸಿದವು. ಪರಿಹಾರವೋ, ಅಚ್ಚರಿಯಾಗುವಷ್ಟು ಸರಳ: ಸರ್ವರ್‌ಗೆ ಆಗಿನ ಸಮಯವನ್ನೇ ಇನ್ನೊಮ್ಮೆ ಹೊಂದಿಸಿದರೆ ಸಾಕು, ಎಲ್ಲ ತಣ್ಣಗಾಗುತ್ತಿತ್ತು.

ಗೂಗಲ್ ಹಿಡಿದ ದಾರಿ ಇನ್ನೂ ಚೆಂದ. ಅಧಿಕ ಸೆಕೆಂಡನ್ನು ಒಮ್ಮೆಲೇ ತುರುಕದೆ, ಮಧ್ಯಾಹ್ನದಿಂದ ಮರು ಮಧ್ಯಾಹ್ನದವರೆಗೆ 24 ಗಂಟೆಗಳಲ್ಲಿ ತೆಳ್ಳಗೆ ಹರಡುವುದು. ಆಗ ಪ್ರತಿ ಸೆಕೆಂಡ್ ಹಿಗ್ಗುವುದು ಸುಮಾರು 11.6 ಮೈಕ್ರೋಸೆಕೆಂಡ್ ಮಾತ್ರ. ಯಾವ ಪ್ರೋಗ್ರಾಮಿಗೂ ಅದು ತಿಳಿಯುವುದಿಲ್ಲ.

ಹಾಗಿದ್ದೂ ಕಾಟ ತಪ್ಪಿರಲಿಲ್ಲ. 2017ರ ಹೊಸ ವರ್ಷದ ಮೊದಲ ಗಳಿಗೆಯಲ್ಲೇ ಇಂಟರ್ನೆಟ್ ಸೇವಾ ಕಂಪನಿ ಕ್ಲೌಡ್‌ಫ್ಲೇರ್‌ನ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ಗಳಲ್ಲಿ ಕೆಲವು ಎಡವಿದವು: ಆಗ ಸೇರಿದ ಅಧಿಕ ಸೆಕೆಂಡಿನಿಂದಾಗಿ ಕಳೆದ ಸಮಯದ ಲೆಕ್ಕ ಸೊನ್ನೆಗಿಂತ ಕೆಳಗಿಳಿದಿತ್ತು. 2035ರ ವೇಳೆಗೆ ಈ ಸೆಕೆಂಡ್ ಸೇರಿಸುವ ಪದ್ಧತಿಯನ್ನೇ ಕೈಬಿಡಲು 2022ರಲ್ಲಿ ಅಂತರರಾಷ್ಟ್ರೀಯ ಅಳತೆ-ತೂಕ ಸಮ್ಮೇಳನ ನಿರ್ಧರಿಸಿದೆ.